ಗಡಿಯೂ ಬೇಕು, ಬಾಗಿಲೂ ಬೇಕು

ಹನೂರಿನ ಕಡೆಯ ರೈತನೊಬ್ಬನು ರೇಷ್ಮೆಗೂಡನ್ನು ಬಿಡಿಸಿ ಚೀಲಕ್ಕೆ ತುಂಬಿದ ಮೇಲೆ ಅವನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಕೊಳ್ಳೇಗಾಲದ ಮಾರುಕಟ್ಟೆಗೆ ಹೋಗುವುದೋ, ರಾಮನಗರದವರೆಗೆ ಒಯ್ಯುವುದೋ? ಗೂಡು ಬಹಳ ದಿನ ಕಾಯುವ ವಸ್ತುವಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಹೊರಬಂದರೆ ನೂಲು ಬಿಚ್ಚಲು ಬಾರದು. ನಮ್ಮ ಮನೆಯಲ್ಲಿಯೂ ಇದೇ ಪ್ರಶ್ನೆ ಇದ್ದುದರಿಂದ, ಕಲಾವಿಭಾಗದ ವಿದ್ಯಾರ್ಥಿಯಾದರೂ ನಾನು ಕಳೆದ ರಜೆಯಲ್ಲಿ ಒಂದು ಪುಟವನ್ನು ರಚಿಸಲು ಹೊರಟೆನು. ಅದನ್ನು ಮೊಬೈಲಿನಲ್ಲಿ ತೆರೆದೊಡನೆ ಪುಟದೊಳಗಿನ ಸ್ಕ್ರಿಪ್ಟು ದೂರದ ಸರ್ವರೊಂದನ್ನು ಕೇಳಿ ಆ ದಿನದ ಧಾರಣೆಯನ್ನು ತರಬೇಕೆಂಬುದು ನನ್ನ ಆಸೆ. ಧಾರಣೆಯೇನೋ ಅಲ್ಲಿ ಎಲ್ಲರೂ ಓದುವಂತೆಯೇ ಇದ್ದಿತು. ಆದರೆ ನನ್ನ ಸ್ಕ್ರಿಪ್ಟಿಗೆ ಮಾತ್ರ ಬ್ರೌಸರು ಅದನ್ನು ಕೊಡಲಿಲ್ಲ.

ಮೊದಲು ಕೋಪ ಬಂದಿತು. ವಿಚಾರಿಸಿದ ಮೇಲೆ ನಿಯಮದಲ್ಲಿ ನ್ಯಾಯವಿರುವುದು ತಿಳಿಯಿತು. ಜಾವಾಸ್ಕ್ರಿಪ್ಟು ಹುಟ್ಟಿದ ೧೯೯೫ರ ಸುಮಾರಿನಿಂದಲೂ, ಒಂದು ಮೂಲದ ಸ್ಕ್ರಿಪ್ಟು ಇನ್ನೊಂದು ಮೂಲದ ಉತ್ತರವನ್ನು ಅನುಮತಿಯಿಲ್ಲದೆ ಓದಕೂಡದೆಂಬ ಕಟ್ಟಳೆಯುಂಟು. ಬ್ಯಾಂಕಿನ ಪುಟವನ್ನು ತೆರೆದಿಟ್ಟು ಬೇರೆ ಪುಟಕ್ಕೆ ಹೋದವನ ಹೆಸರಿನಲ್ಲಿ, ಆ ಬೇರೆ ಪುಟದ ಸ್ಕ್ರಿಪ್ಟು ಅವನ ಲೆಕ್ಕವನ್ನು ಓದುವಂತಾದರೆ ಗತಿಯೇನು?

ನಮ್ಮ ಸೀಮೆಯವರಿಗೆ ಗಡಿ ಹೊಸದಲ್ಲ. ೧೯೫೬ರ ನವೆಂಬರಿನವರೆಗೆ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೆಲವೇ ಮೈಲಿ ದೂರದ ಯಳಂದೂರು ಮೈಸೂರಿಗೆ ಸೇರಿತ್ತು. ನೆಂಟಸ್ತಿಕೆ ಒಂದೇ ಆದರೂ ಕಚೇರಿಗಳು ಬೇರೆ. ಬ್ರೌಸರಿನ ಕಣ್ಣಿಗೂ ಹಾಗೆಯೇ: ಎಷ್ಟು ಹತ್ತಿರದವರಾದರೂ ಮೂಲ ಬೇರೆಯಾದರೆ ಬೇರೆಯೇ.

ಆದರೆ ಗಡಿಗೆ ಬಾಗಿಲೂ ಉಂಟು. ೨೦೧೪ರಲ್ಲಿ ಡಬ್ಲ್ಯೂ೩ಸಿ ಸಂಸ್ಥೆ ಶಿಫಾರಸು ಮಾಡಿದ ‘ಕಾರ್ಸ್’ ಪದ್ಧತಿಯಂತೆ, ಸರ್ವರು ತನ್ನ ಉತ್ತರದ ತಲೆಯಲ್ಲಿ ‘ಇದನ್ನು ಯಾರ ಸ್ಕ್ರಿಪ್ಟು ಬೇಕಾದರೂ ಓದಬಹುದು’ ಎಂಬ ಅರ್ಥದ ಒಂದು ಸಾಲನ್ನು ಸೇರಿಸಿದರೆ ಸಾಕು, ಬ್ರೌಸರು ದಾರಿ ಬಿಡುತ್ತದೆ. ಹೀಗೆ ಎಲ್ಲರಿಗೂ ತೆರೆದ ಬಾಗಿಲಿನಿಂದ, ಬಳಕೆದಾರನ ಗುರುತಿನ ಕುಕಿಯನ್ನು ಕೂಡಿಸಿ ಕೇಳಿದ ಉತ್ತರವು ಹೊರಬರುವುದಿಲ್ಲ. ಆದ್ದರಿಂದ ಧಾರಣೆ, ಮಳೆಯ ಪ್ರಮಾಣ, ಬಸ್ಸಿನ ವೇಳೆ ಮೊದಲಾದ ಸಾರ್ವಜನಿಕ ಮಾಹಿತಿಯನ್ನು ಇಡುವ ಪ್ರತಿಯೊಂದು ಸೇವೆಯೂ ಈ ಸಾಲನ್ನು ಸೇರಿಸತಕ್ಕದ್ದೆಂಬುದು ನನ್ನ ಅಭಿಪ್ರಾಯ. ಭಾರತ ಸರ್ಕಾರವು ದತ್ತಾಂಶ ಹಂಚಿಕೆಯ ನೀತಿಯನ್ನು ೨೦೧೨ರಲ್ಲಿಯೇ ಒಪ್ಪಿದೆ. ಜನರ ಹಣದಿಂದ ಕೂಡಿಸಿದುದು ಜನರ ಕೈಗೆ ಸುಲಭವಾಗಿ ಸಿಕ್ಕಬೇಡವೇ?

ಇದರಿಂದ ಸರ್ವರಿಗೆ ಹೊರೆಯಾದೀತೆಂದು ಕೆಲವರು ಹೇಳಬಹುದು. ಗಂಟೆಗೆ ಇಷ್ಟು ಸಲವೆಂದು ಮಿತಿ ಹಾಕಲಿ. ಬಾಗಿಲನ್ನೇ ಮುಚ್ಚುವುದು ಅದಕ್ಕೆ ಮದ್ದಲ್ಲ.

ನಮಗೂ ಕರ್ತವ್ಯವಿದೆ. ಬ್ರೌಸರಿನ ಕಾವಲನ್ನು ಆರಿಸಿ ಕೆಲಸ ಸಾಧಿಸುವುದು, ಗುರುತಿಲ್ಲದ ಮಧ್ಯವರ್ತಿ ಸರ್ವರನ್ನು ನಂಬುವುದು, ಗುಟ್ಟಿನ ಕೀಲಿಯನ್ನು ಸ್ಕ್ರಿಪ್ಟಿನಲ್ಲಿಯೇ ಬರೆದಿಡುವುದು, ಇವು ಮೂರೂ ತಪ್ಪು. ಪುಟದ ಸ್ಕ್ರಿಪ್ಟನ್ನು ಯಾರು ಬೇಕಾದರೂ ತೆರೆದು ನೋಡಬಹುದೆಂಬುದನ್ನು ಮರೆಯಲಾಗದು. ನಮ್ಮ ಕಾಲೇಜಿನಲ್ಲಿಯೇ ಒಂದು ಪುಟ್ಟ ಮಧ್ಯವರ್ತಿ ಸರ್ವರನ್ನು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ನಡೆಸಿದರೆ, ಮಾಹಿತಿಯನ್ನು ಅದು ತಂದುಕೊಡುತ್ತದೆ, ಕೀಲಿಯೂ ಅದರಲ್ಲಿಯೇ ಭದ್ರವಾಗಿರುತ್ತದೆ. ಈ ಕೆಲಸಕ್ಕೆ ಗುರುಗಳೂ ಸಹಪಾಠಿಗಳೂ ಮನಸ್ಸು ಮಾಡಬೇಕೆಂದು ನನ್ನ ಬಿನ್ನಹ. ಮುಂದಿನ ಬೆಳೆಯ ಗೂಡು ಬಿಡಿಸುವ ಹೊತ್ತಿಗಾದರೂ, ಚೀಲ ಹೊರುವ ಮೊದಲೇ ಧಾರಣೆ ತಿಳಿಯುವಂತಾಗಲಿ.