ತೂಕ ಸರಿ, ಬಣ್ಣ ನೋಡಿದ್ರಾ?

ಬುಧಗಾಂವದ ಕಟ್ಟೆ ಇರಲಿ, ಸಾಂಗ್ಲಿಯ ಅರಿಶಿನ ಪೇಟೆ ಇರಲಿ, ನಾಲ್ಕು ಜನ ಕೂಡಿದಲ್ಲಿ ಒಂದು ಮಾತು ಬಂದೇ ಬರುತ್ತದೆ: ‘ದೇಶದ ಅರ್ಧ ದುಡ್ಡು ಸರ್ಕಾರಾನೇ ತಿಂತದ ಬಿಡ್ರಿ.’ ಕೇಳಲಿಕ್ಕೆ ಚೆಂದ. ಲೆಕ್ಕ ಮಾತ್ರ ಹಾಗಿಲ್ಲ.

ದೇಶದ ಒಟ್ಟು ಉತ್ಪನ್ನ 100 ರೂಪಾಯಿ ಅಂತ ಇಟ್ಟುಕೊಳ್ಳೋಣ. ಅದರಲ್ಲಿ ಸರ್ಕಾರದ ‘ಬಳಕೆ ವೆಚ್ಚ’ ನಮ್ಮಲ್ಲಿ ಸುಮಾರು 10-11 ರೂಪಾಯಿ. ದಿಲ್ಲಿಯದು, ರಾಜ್ಯಗಳದು, ಪಂಚಾಯಿತಿಗಳದು ಎಲ್ಲ ಸೇರಿ ಇಷ್ಟು. ಜಗತ್ತಿನ ಸರಾಸರಿ 16ರ ಮೇಲಿದೆ. ಸ್ವೀಡನ್‌ನಲ್ಲಿ 25ರ ಆಸುಪಾಸು.

ಈ ಹತ್ತು ರೂಪಾಯಿಯಲ್ಲಿ ಏನೇನು ಬರುತ್ತದೆ? ಮೇಷ್ಟ್ರ ಪಗಾರ, ಮಿರಜಿನ ಸರ್ಕಾರಿ ದವಾಖಾನೆಯ ನರ್ಸಿನ ಪಗಾರ, ಪೊಲೀಸರದು, ಸೈನಿಕರದು, ಔಷಧಿ, ಸೀಮೆಸುಣ್ಣ. ಏನು ಬರೋದಿಲ್ಲ? ಕರ್ನಾಟಕ 2023ರಲ್ಲಿ ಶುರು ಮಾಡಿದ ಗೃಹಲಕ್ಷ್ಮಿಯ 2,000, ಮಹಾರಾಷ್ಟ್ರ 2024ರಲ್ಲಿ ತಂದ ಲಾಡಕಿ ಬಹೀಣಿನ 1,500, ಕಿಸಾನ್ ಸಮ್ಮಾನದ 6,000 ಇವು ಬರೋದಿಲ್ಲ. ಅದು ಕೈ ಬದಲಾದ ಹಣ. ನಾವು ಖರ್ಚು ಮಾಡಿದಾಗ ನಮ್ಮ ಬಳಕೆಯೊಳಗೆ ಸೇರುತ್ತದೆ. ಮ್ಹೈಸಾಳದ ಏತ ನೀರಾವರಿಗೆ ಕಾಲುವೆ ತೋಡಿದ್ದು, ಪಂಪು ಕೂಡಿಸಿದ್ದು ಬಂಡವಾಳದ ಬಾಬ್ತು.

ಈಗ ಮರ್ಮದ ಮಾತಿಗೆ ಬರೋಣ. ಅರಿಶಿನಕ್ಕೆ ಪೇಟೆಯಲ್ಲಿ ಬೆಲೆ ಉಂಟು, ಸರ್ಕಾರಿ ಶಾಲೆಯ ಪಾಠಕ್ಕೆ ಇಲ್ಲ. ಅದಕ್ಕೇ ಲೆಕ್ಕದವರು ಪಾಠಕ್ಕೆ ತಗುಲಿದ ಖರ್ಚನ್ನೇ ಪಾಠದ ಬೆಲೆ ಅಂತ ಹಿಡಿಯುತ್ತಾರೆ. ಮರಾಠಿಯಲ್ಲಿ ಹಳದ, ನಮ್ಮ ತೆಲುಗು ಮನೆಯಲ್ಲಿ ಪಸುಪು. ಹೆಸರು ಏನೇ ಇರಲಿ, ಬರೀ ತೂಕ ನೋಡಿ ಯಾವ ವ್ಯಾಪಾರಿಯೂ ಕೊಳ್ಳೋದಿಲ್ಲ. ಕೊಂಬು ಮುರಿದು ಬಣ್ಣ ನೋಡುತ್ತಾನೆ. ಸರ್ಕಾರದ ಲೆಕ್ಕ ತಕ್ಕಡಿಗೇ ನಿಂತುಬಿಡುತ್ತದೆ.

ಇದರ ಏಟು ಗಡಿಯವರಿಗೆ ಜಾಸ್ತಿ. ಜತ್ತ ತಾಲ್ಲೂಕಿನ ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು, ಕಾಸರಗೋಡಿನ ಕನ್ನಡ ಶಾಲೆಗೆ ಮಲಯಾಳದ ಮೇಷ್ಟ್ರು ಎಂಬ ದೂರು ಮತ್ತೆ ಮತ್ತೆ ಎದ್ದಿದೆ. ಮಗುವಿಗೆ ಪಾಠ ತಿಳಿದರೂ ಪಗಾರ ಅಷ್ಟೇ, ತಿಳಿಯದಿದ್ದರೂ ಅಷ್ಟೇ. ದೇಶದ ಲೆಕ್ಕದಲ್ಲಿ ಎರಡೂ ಒಂದೇ ತೂಕ. ತೆಲುಗು ಮನೆಮಾತಿನ ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ತಿಳಿಯದ ಮಾತಿನಲ್ಲಿ ಕೂತ ಹುಡುಗನಿಗೆ ಶಾಲೆ ಎಷ್ಟು ದೂರ ಅನ್ನೋದು ಯಾರೂ ನನಗೆ ಹೇಳಿಕೊಡಬೇಕಿಲ್ಲ.

1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರುವವರೆಗೆ ಬುಧಗಾಂವವೇ ಕಿರಿಯ ಮಿರಜ ಸಂಸ್ಥಾನದ ರಾಜಧಾನಿ. ಧಾರವಾಡ ಸೀಮೆಯ ಕೆಲವು ಕನ್ನಡ ಹಳ್ಳಿಗಳೂ ಅದಕ್ಕೆ ಸೇರಿದ್ದವು. ಅಂದು ಕಂದಾಯ ಕೊಟ್ಟವನು ಲೆಕ್ಕ ಕೇಳೋ ಹಾಗಿರಲಿಲ್ಲ. ಇಂದು ಕೇಳಬಹುದು. ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಪಾಠಕ್ಕೆ ಅನುಕೂಲ ಮಾಡಲು ರಾಜ್ಯಗಳು ಯತ್ನಿಸಬೇಕು ಅನ್ನುತ್ತದೆ.

ಆದ್ದರಿಂದ ‘ಸರ್ಕಾರ ಬಹಳ ತಿಂತು’ ಅಂತ ಕಟ್ಟೆ ಮೇಲೆ ಗೊಣಗೋದು ಬಿಡೋಣ. ಗ್ರಾಮಸಭೆಗೆ ಹೋಗಿ ಮೂರೇ ಪ್ರಶ್ನೆ ಕೇಳೋಣ: ಶಾಲೆಗೆ ಮಂಜೂರಾದ ಹುದ್ದೆ ಎಷ್ಟು? ತುಂಬಿದ್ದು ಎಷ್ಟು? ಬಂದವರಿಗೆ ಮಕ್ಕಳ ಮಾತು ಬರುತ್ತದಾ? ಹತ್ತು ರೂಪಾಯಿ ಹದಿನಾರಾಗಲಿ, ಬೇಡ ಅನ್ನೋರು ಯಾರು? ಆದರೆ ಕೊಂಬು ಮುರಿದು ತೋರಿಸಲಿ.