ಸೈಟು ಕೊಂಡವನದೇ ತಪ್ಪೇ?

ಕಳೆದ ವಾರ ಅಕ್ಕಿ ಗಿರಣಿಯ ಹಮಾಲರೊಬ್ಬರು ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ನಮ್ಮ ಕಚೇರಿಯ ಮೆಟ್ಟಿಲೇರಿದರು. ಚೀಲದೊಳಗೆ ನೋಂದಣಿಯಾದ ಕ್ರಯಪತ್ರ, ನಾಲ್ಕು ವರ್ಷದ ಕಂದಾಯದ ರಸೀದಿ, ಬಣ್ಣಬಣ್ಣದ ಒಂದು ನಕಾಶೆ. ಹೆಂಡತಿಯ ಸರ, ಚೀಟಿಯ ಹಣ, ಊರಿನ ಅರ್ಧ ಎಕರೆ ಒಣಭೂಮಿ ಎಲ್ಲವೂ ಸೇರಿ ಆ ಚೀಲವಾಗಿದೆ. ಮನೆ ಕಟ್ಟಲು ಪರವಾನಗಿ ಕೇಳಿದರೆ ಅವರ ಬಡಾವಣೆಗೆ ಮಂಜೂರಾತಿಯೇ ಇಲ್ಲವೆಂಬ ಉತ್ತರ. ಬ್ಯಾಂಕಿನಲ್ಲಿ ಸಾಲ ಕೇಳಿದರೆ ಅಲ್ಲೂ ಅದೇ ಮಾತು. "ಮೇಷ್ಟ್ರೇ, ರಿಜಿಸ್ಟ್ರಿ ಆದದ್ದು ಸರ್ಕಾರದ ಆಫೀಸಿನಲ್ಲಿ. ಕಂದಾಯ ಕಟ್ಟಿಸಿಕೊಂಡದ್ದೂ ಸರ್ಕಾರ. ಈಗ ಅದೇ ಸರ್ಕಾರ ಇದು ಸೈಟೇ ಅಲ್ಲ ಅನ್ನುತ್ತಲ್ಲ?" ಎಂದು ಅವರು ಕೇಳಿದರು.

ಪ್ರಶ್ನೆ ಅವರೊಬ್ಬರದಲ್ಲ. ನಮ್ಮ ಊರಿನಿಂದ ಯಾವ ದಿಕ್ಕಿಗೆ ಹೊರಟರೂ ಜೋಳದ ಹೊಲಗಳ ನಡುವೆ ಬಿಳಿ ಸುಣ್ಣ ಬಳಿದ ಗಡಿಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಮುಂದೆ ಒಂದು ಕಮಾನು, ಕಮಾನಿನ ಮೇಲೆ ಯಾವುದಾದರೂ ದೇವರ ಹೆಸರು. ಗಿರಣಿ ಕೂಲಿಗಾರರು, ಮಂಡಕ್ಕಿ ಭಟ್ಟಿಯವರು, ಸಂತೆಯಲ್ಲಿ ಬಟ್ಟೆ ಮಾರುವವರು, ಕಿರಾಣಿ ಅಂಗಡಿಯವರು ಇವರೇ ಗಿರಾಕಿಗಳು. ಹಣವುಳ್ಳವರು ವಕೀಲರಿಗೆ ಕಾಗದ ತೋರಿಸಿ ಕೊಳ್ಳುತ್ತಾರೆ. ನಮ್ಮವರು ಕಮಾನು ನೋಡಿ ಕೊಳ್ಳುತ್ತಾರೆ.

ಕಾಯಿದೆ ಇಲ್ಲವೇ? ಇದೆ. ಹೊಲವನ್ನು ಮನೆಯ ಜಾಗವಾಗಿ ಬಳಸಬೇಕಾದರೆ 1964ರ ಭೂಕಂದಾಯ ಕಾಯಿದೆಯ 95ನೇ ಕಲಮಿನಂತೆ ಜಿಲ್ಲಾಧಿಕಾರಿಗಳಿಂದ ಭೂಪರಿವರ್ತನೆಯ ಆದೇಶ ಬೇಕು. ಯೋಜನಾ ಪ್ರದೇಶದಲ್ಲಿ ಅದನ್ನು ತುಂಡು ಮಾಡಿ ರಸ್ತೆ ಬಿಡಬೇಕಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯಿದೆಯ 17ನೇ ಕಲಮಿನಂತೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇಕು. ಮೊದಲನೆಯದು ಭೂಮಿಯ ಬಳಕೆಯನ್ನು ಬದಲಿಸುತ್ತದೆ ಅಷ್ಟೆ; ಎರಡನೆಯದಿಲ್ಲದೆ ಅದು ಬಡಾವಣೆಯಾಗುವುದಿಲ್ಲ. ಮಾರುವವನು ಮೊದಲನೆಯ ಕಾಗದವನ್ನು ತೋರಿಸಿ 'ಡಿ.ಸಿ. ಕನ್ವರ್ಷನ್ ಆಗಿದೆ' ಎಂದು ಜೋರಾಗಿ ಹೇಳುತ್ತಾನೆ, ಎರಡನೆಯದರ ಸುದ್ದಿಯನ್ನೇ ಎತ್ತುವುದಿಲ್ಲ. ಕೆಲವರ ಬಳಿ ಮೊದಲನೆಯದೂ ಇರುವುದಿಲ್ಲ. ಇನ್ನು ನೋಂದಣಿ ಕಚೇರಿಯ ಮೊಹರು ವ್ಯವಹಾರ ನಡೆಯಿತೆಂಬುದಕ್ಕೆ ಸಾಕ್ಷಿಯೇ ಹೊರತು ಬಡಾವಣೆ ಸಕ್ರಮವೆಂಬುದಕ್ಕೆ ಅಲ್ಲ. ಕಂದಾಯದ ರಸೀದಿಯೂ ಹಾಗೆಯೇ. ಈ ಮಾತು ಹೇಳಿದಾಗ ಹಮಾಲರ ಮುಖ ನೋಡಲು ನಮಗೆ ಕಷ್ಟವಾಯಿತು.

ಬಡಾವಣೆಯ ನಿಯಮಗಳೆಲ್ಲ ಬಡವನ ಕಾಲಿಗೆ ತೊಡಕು, ಅವನ್ನು ಕಿತ್ತೆಸೆಯಬೇಕೆಂದು ನಮ್ಮವರಲ್ಲೇ ಕೆಲವರು ವಾದಿಸುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಒತ್ತೊತ್ತಾದ ಪೇಟೆಯ ಗಲ್ಲಿಗಳಲ್ಲಿ ಜನ ಸತ್ತರು. ಆ ಭಯದಿಂದಲೇ ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ರಸ್ತೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ ಇಟ್ಟುಕೊಂಡು ಬೆಳೆದವು. ಮೈಸೂರಿನಲ್ಲಿ 1903ರಲ್ಲೇ ನಗರ ಸುಧಾರಣಾ ಮಂಡಳಿ ಹುಟ್ಟಿತು. ಗಾಳಿ, ಬೆಳಕು, ಚರಂಡಿ ಇವು ಸಾಹುಕಾರರ ಶೋಕಿಗಳಲ್ಲ. ಇಪ್ಪತ್ತು ಅಡಿಯ ದಾರಿಯಲ್ಲಿ ಎರಡೂ ಕಡೆ ಮೆಟ್ಟಿಲು ಮುಂದಕ್ಕೆ ಬಂದರೆ ಬೆಂಕಿ ಆರಿಸುವ ಗಾಡಿ ಎಲ್ಲಿ ನುಗ್ಗಬೇಕು? ಬಸುರಿಯನ್ನು ಆಸ್ಪತ್ರೆಗೆ ಒಯ್ಯುವ ಗಾಡಿ ಎಲ್ಲಿ ತಿರುಗಬೇಕು?

ಒಂದು ಕಾಲಕ್ಕೆ ಕರಿಹಲಗೆಯ ಮುಂದೆ ನಿಂತು ಕ್ಷೇತ್ರಫಲದ ಲೆಕ್ಕ ಹೇಳಿಕೊಟ್ಟವರಾದ್ದರಿಂದ ಆ ಚಟ ಇನ್ನೂ ಬಿಟ್ಟಿಲ್ಲ. ಓದುಗರು ಕ್ಷಮಿಸಿ ಒಂದು ಲೆಕ್ಕ ಕೇಳಬೇಕು. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರ ಅಡಿ, ಒಟ್ಟು 43,560. ದೊಡ್ಡದೊಂದು ಬಡಾವಣೆಯ ಪ್ರತಿ ಎಕರೆಯಲ್ಲೂ ಉದ್ಯಾನಕ್ಕೆ ನೂರಕ್ಕೆ 10, ಶಾಲೆ ಆಸ್ಪತ್ರೆಗಳಂಥ ನಾಗರಿಕ ಸೌಲಭ್ಯಕ್ಕೆ 5, ರಸ್ತೆಗಳಿಗೆ ಸುಮಾರು 30 ಭಾಗ ಹೋಯಿತೆನ್ನಿ. ಉಳಿದದ್ದು 23,958. ಮೂವತ್ತು ನಲವತ್ತರ ಸೈಟಾದರೆ ಹೆಚ್ಚುಕಡಿಮೆ 20. ಅದೇ ಎಕರೆಯಲ್ಲಿ ಉದ್ಯಾನವಿಲ್ಲ, ಶಾಲೆಗೆ ಜಾಗವಿಲ್ಲ, ರಸ್ತೆ ಇಪ್ಪತ್ತೇ ಅಡಿ ಎಂದರೆ 27 ಸೈಟು ಎದ್ದು ನಿಲ್ಲುತ್ತವೆ. ಎಕರೆಗೆ ಏಳು ಸೈಟು ಹೆಚ್ಚು, ಹತ್ತು ಎಕರೆಗೆ ಎಪ್ಪತ್ತು! ಇದಲ್ಲದೆ ಚರಂಡಿ, ನೀರಿನ ಕೊಳವೆ, ದೀಪದ ಕಂಬಗಳ ಖರ್ಚೂ ಉಳಿಯಿತು.

ನಮ್ಮ ಹಮಾಲರ ಮಕ್ಕಳು ಆಡಬೇಕಾಗಿದ್ದ ಬಯಲು ಆ ಏಳು ಸೈಟಿನೊಳಗಿದೆ. ಅದನ್ನು ಮಾರಿ ಜೇಬಿಗಿಳಿಸಿದವನು ಬೇರೆ ಊರಿನಲ್ಲಿ ಮತ್ತೊಂದು ಕಮಾನು ಎಬ್ಬಿಸಿದ್ದಾನೆ. ಸೈಟಿನ ಬೆಲೆ ಸ್ವಲ್ಪ ಅಗ್ಗವಾಗಿತ್ತು, ನಿಜ. ಆ ಅಗ್ಗದ ಬಾಕಿಯನ್ನು ಕೊಂಡವನು ಈಗ ಕೆಸರಿನಲ್ಲಿ ನಡೆದು, ಟ್ಯಾಂಕರಿಗೆ ದುಡ್ಡು ಕೊಟ್ಟು, ಕೊನೆಗೆ ಅಭಿವೃದ್ಧಿ ಶುಲ್ಕವನ್ನೂ ತೆತ್ತು ತೀರಿಸಬೇಕಾಗಿದೆ.

ಸರ್ಕಾರಗಳು ಕಂಡುಕೊಂಡ ಪರಿಹಾರವೂ ಕೊಂಡವನ ಕಡೆಗೇ ಬೆರಳು ತೋರಿಸುತ್ತದೆ. ಅಕ್ರಮ-ಸಕ್ರಮವೆಂದು ವರ್ಷಗಟ್ಟಲೆ ಆಸೆ ಹುಟ್ಟಿಸಿದರು. 2014ರಲ್ಲಿ ನಿಯಮ ಬಂತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ನೀಡಿತು. 2025ರ ಫೆಬ್ರವರಿಯಲ್ಲಿ ರಾಜ್ಯದ ನಗರ, ಪಟ್ಟಣಗಳ ಅನಧಿಕೃತ ಸ್ವತ್ತುಗಳಿಗೆ ಬಿ-ಖಾತೆ ಕೊಡುವ ಅಭಿಯಾನ ಹೊರಟಿತು. ಲೆಕ್ಕಕ್ಕೇ ಸಿಗದಿದ್ದ ಮನೆ ಪುಸ್ತಕಕ್ಕೆ ಬರುವುದು ಒಳ್ಳೆಯದೇ. ಆದರೆ ಬಿ-ಖಾತೆ ಎಂದರೆ ಕಂದಾಯ ಕಟ್ಟಲು ಒಂದು ಪುಟ. ಬಡಾವಣೆಯ ದೋಷ ಅದರಿಂದ ಅಳಿಯುವುದಿಲ್ಲ, ಕಳೆದುಹೋದ ಉದ್ಯಾನ ಹಿಂದಿರುಗುವುದಿಲ್ಲ. ಖಾತೆಯ ಪುಸ್ತಕದಲ್ಲಿ ಕೊಂಡವನ ಹೆಸರಿದೆ. ಹೊಲವನ್ನು ತುಂಡರಿಸಿದವನ ಹೆಸರು ಯಾವ ಪುಸ್ತಕದಲ್ಲಿದೆ?

ಅವನನ್ನು ಹಿಡಿಯಲು ಕಾಯಿದೆ ಸಾಲದೆಂದು ಯಾರೂ ಹೇಳದಿರಲಿ. 2016ರ ರೇರಾ ಕಾಯಿದೆಯಂತೆ 500 ಚದರ ಮೀಟರಿಗಿಂತ ಹೆಚ್ಚಿನ ಜಾಗದಲ್ಲಿ ಎಂಟಕ್ಕಿಂತ ಹೆಚ್ಚು ಸೈಟು ಮಾಡಿ ಮಾರುವವನು ಮೊದಲು ನೋಂದಣಿ ಮಾಡಿಸಬೇಕು. ಮಾಡಿಸದಿದ್ದರೆ ಯೋಜನೆಯ ಅಂದಾಜು ವೆಚ್ಚದ ನೂರಕ್ಕೆ 10ರವರೆಗೆ ದಂಡ. ಆ ದಂಡ ಹಾಕುವ ಕೈ ಮೇಲೇಳುವುದು ನಮಗೆ ಕಾಣುತ್ತಿಲ್ಲ. ಬದಲಿಗೆ ಹಾದಿ ಇನ್ನೂ ಸಲೀಸಾಗಿದೆ: 2020ರಲ್ಲಿ ಭೂಸುಧಾರಣಾ ಕಾಯಿದೆಯ 79-ಎ ಕಲಮನ್ನು ತೆಗೆದುಹಾಕಿದ ಮೇಲೆ ವರಮಾನ ಎಷ್ಟೇ ಇದ್ದರೂ ಹೊಲ ಕೊಳ್ಳಲು ಆ ಅಡ್ಡಿ ಉಳಿಯಲಿಲ್ಲ. ಗೇಣಿದಾರನ ಮಗ ಮಾರುತ್ತಾನೆ, ಪೇಟೆಯ ದಲ್ಲಾಳಿ ಕೊಳ್ಳುತ್ತಾನೆ, ಮರುವಾರವೇ ಜೆ.ಸಿ.ಬಿ. ಬರುತ್ತದೆ.

ನಮ್ಮ ಮನೆಯ ದೋಸೆಯ ತೂತನ್ನೂ ಹೇಳಿಬಿಡಬೇಕು. ನಮ್ಮ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಒಂದಿಬ್ಬರು ವ್ಯಾಪಾರಿ ಮಿತ್ರರು ಇಂಥ ಸೈಟುಗಳಿಗೆ ಗಿರಾಕಿ ಕರೆತಂದು ದಲಾಲಿ ಪಡೆದಿದ್ದಾರೆ. ಈ ಬರಹ ಅವರಿಗೆ ರುಚಿಸದು. ರುಚಿಸಬೇಕೆಂದು ಬರೆದದ್ದೂ ಅಲ್ಲ.

ನಗರಸಭೆಯ ಮುಂದೆ ನಾವು ಇಡುವ ಬೇಡಿಕೆ ದೊಡ್ಡದೇನಲ್ಲ. ಊರ ಸುತ್ತಲಿನ ಯಾವ ಸರ್ವೆ ನಂಬರಿನ ಬಡಾವಣೆಗೆ ಮಂಜೂರಾತಿ ಇದೆ, ಯಾವುದಕ್ಕಿಲ್ಲ ಎಂಬ ಪಟ್ಟಿಯನ್ನು ಕಚೇರಿಯ ಗೋಡೆಗೂ ಸಂತೆಯ ಕಟ್ಟೆಗೂ ದಪ್ಪ ಕನ್ನಡ ಅಕ್ಷರಗಳಲ್ಲಿ ಹಚ್ಚಲಿ. ಮಂಜೂರಾದ ಬಡಾವಣೆಗಳಲ್ಲೂ ಉದ್ಯಾನಕ್ಕೆಂದು ಬಿಟ್ಟ ಜಾಗ ನಗರಸಭೆಯ ಹೆಸರಿಗೆ ಬಂದಿದೆಯೇ, ಇಲ್ಲ ಅದರ ಮೇಲೆ ಯಾರದೋ ಮನೆ ಎದ್ದಿದೆಯೇ ಎಂದು ಅಳೆದು ನೋಡಲಿ. ಅಭಿವೃದ್ಧಿಯ ಖರ್ಚನ್ನು ಮೊದಲು ತುಂಡರಿಸಿ ಮಾರಿದವನ ಉಳಿದ ಆಸ್ತಿಯಿಂದ ವಸೂಲು ಮಾಡಲು ಸರ್ಕಾರಕ್ಕೆ ಬರೆಯಲಿ. ಕೊಂಡವನ ಬಾಗಿಲಿಗೆ ಬರುವುದು ಅನಂತರ.

ಇದಕ್ಕಿಂತ ಮುಖ್ಯವಾದದ್ದೊಂದಿದೆ. ಕೂಲಿಗಾರನು ಅಕ್ರಮ ಸೈಟು ಕೊಳ್ಳುವುದು ಅಕ್ರಮದ ಮೇಲಿನ ಪ್ರೀತಿಯಿಂದಲ್ಲ. ಸಕ್ರಮವಾದದ್ದು ಅವನ ಕೈಗೆ ಎಟುಕುವುದಿಲ್ಲ. ಮೂವತ್ತು ನಲವತ್ತು ಬೇಡ, ಇಪ್ಪತ್ತು ಮೂವತ್ತು ಸಾಕೆನ್ನುವವರು ನೂರಾರು ಮಂದಿ ಇದ್ದಾರೆ. ಪ್ರಾಧಿಕಾರವೇ ಭೂಮಿ ಪಡೆದು, ಚರಂಡಿ ದೀಪ ಹಾಕಿ, ಅಂಥ ಚಿಕ್ಕ ಸೈಟುಗಳನ್ನು ತಿಂಗಳ ಕಂತಿನ ಮೇಲೆ ಹಂಚಲಿ. ಅದು ಆಗುವವರೆಗೆ ಎಷ್ಟು ನಿಯಮ ಬರೆದರೂ ಕಮಾನುಗಳು ಏಳುತ್ತಲೇ ಇರುತ್ತವೆ.

ಮುಂಗಡ ಕೊಡುವ ಮುಂಚೆ ಓದುಗರು ಒಂದು ಕೆಲಸ ಮಾಡಲಿ. ಭೂಪರಿವರ್ತನೆಯ ಆದೇಶ, ಪ್ರಾಧಿಕಾರದ ಮೊಹರಿರುವ ನಕಾಶೆ, ಸೈಟು ಬಿಡುಗಡೆಯ ಪತ್ರ, ಋಣಭಾರ ಪತ್ರ ಈ ನಾಲ್ಕನ್ನೂ ಕೇಳಿ. ನಾಳೆ ಕೊಡುತ್ತೇನೆಂದರೆ ಹಣವನ್ನೂ ನಾಳೆಯೇ ಕೊಡಿ. ಈಗಾಗಲೇ ಕೊಂಡು ಸಿಕ್ಕಿಬಿದ್ದವರು ಬರುವ ಭಾನುವಾರ ಸಂಜೆ ನಮ್ಮ ಕಚೇರಿಗೆ ಬನ್ನಿ. ಒಂದೇ ಬಡಾವಣೆಯವರು ಒಟ್ಟಾಗಿ ಒಂದೇ ಅರ್ಜಿ ಹಾಕೋಣ. ಕಾಗದಗಳ ನಕಲು ಸಾಕು. ಅಸಲನ್ನು ಯಾರ ಕೈಗೂ ಕೊಡಬೇಡಿ, ನಮ್ಮ ಕೈಗೂ ಬೇಡ.