ಆರನ್ ಡೊನಾಲ್ಡ್‌ಗೆ ಒಂದೂ ಮತ ಬೀಳಲಿಲ್ಲ

ಅಮೆರಿಕನ್ ಫುಟ್‌ಬಾಲ್‌ನ 2018ರ ಋತುವಿನಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಆರನ್ ಡೊನಾಲ್ಡ್ 20.5 ಸ್ಯಾಕ್ ಗಳಿಸಿದರು. ಎದುರಾಳಿ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನನ್ನು ಕೆಡವಿದರೆ ಅದು ಸ್ಯಾಕ್; ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ. ಸಾಲಿನ ನಟ್ಟನಡುವೆ ಆಡುವ ಡಿಫೆನ್ಸಿವ್ ಟ್ಯಾಕಲ್ ಒಬ್ಬ ಒಂದೇ ಋತುವಿನಲ್ಲಿ ಅಷ್ಟು ಸ್ಯಾಕ್ ಮಾಡಿದ್ದು ಅದಕ್ಕೆ ಮುಂಚೆ ಇರಲಿಲ್ಲ. ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿ ಸತತ ಎರಡನೇ ಸಲ ಅವರಿಗೇ ಬಂತು. ಆದರೆ ಇಡೀ ಲೀಗಿನ ಎಂವಿಪಿ, ಅಂದರೆ ತಂಡಕ್ಕೆ ಅತಿ ಹೆಚ್ಚು ಬೆಲೆಬಾಳುವ ಆಟಗಾರ, ಯಾರೆಂದು ಅಸೋಸಿಯೇಟೆಡ್ ಪ್ರೆಸ್ 50 ಪತ್ರಕರ್ತರ ಮತ ಕೇಳಿದಾಗ 45 ಮತ ಪ್ಯಾಟ್ರಿಕ್ ಮಹೋಮ್ಸ್‌ಗೆ, ಉಳಿದ 5 ಡ್ರೂ ಬ್ರೀಸ್‌ಗೆ ಹೋದವು. ಇಬ್ಬರೂ ಕ್ವಾರ್ಟರ್‌ಬ್ಯಾಕ್‌ಗಳು. ಆ ವರ್ಷ 50 ಟಚ್‌ಡೌನ್ ಪಾಸ್ ಎಸೆದ ಮಹೋಮ್ಸ್ ಗೆದ್ದದ್ದಕ್ಕೆ ನನ್ನ ತಕರಾರಿಲ್ಲ. ಐವತ್ತು ಮಂದಿ ಬಲ್ಲವರಲ್ಲಿ ಒಬ್ಬರಿಗೂ ಡೊನಾಲ್ಡ್ ನೆನಪಾಗದೇ ಹೋದದ್ದಕ್ಕೆ ಇದೆ. ಚೆಂಡು ಕೈಯಲ್ಲಿದ್ದವನನ್ನು ಮಾತ್ರ ಕಾಣುವ ಕಣ್ಣು ಈ ಆಟದ ಅರ್ಧವನ್ನು ನೋಡುವುದೇ ಇಲ್ಲ.

ಡೊನಾಲ್ಡ್ ಎತ್ತರ ಆರಡಿ ಒಂದು ಇಂಚು. ಆ ಸ್ಥಾನಕ್ಕೆ ಇದು ಕುಳ್ಳೇ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2014ರಲ್ಲಿ, ಅವರಿಗಿಂತ ಮೊದಲು 12 ಮಂದಿ ಆಯ್ಕೆಯಾದರು. ಮುಂದೆ ಆಡಿದ ಹತ್ತೂ ವರ್ಷ ಅವರು ಲೀಗಿನ ತಾರೆಯರ ಪ್ರೋ ಬೌಲ್‌ಗೆ ಆಯ್ಕೆಯಾದರು. ಲಾರೆನ್ಸ್ ಟೇಲರ್ ಮತ್ತು ಜೆ.ಜೆ. ವಾಟ್ ಅವರಂತೆ ಮೂರು ಸಲ ಅತ್ಯುತ್ತಮ ರಕ್ಷಣಾ ಆಟಗಾರರಾದರು. ಒಟ್ಟು 111 ಸ್ಯಾಕ್ ಗಳಿಸಿ 2024ರ ಮಾರ್ಚ್‌ನಲ್ಲಿ ನಿವೃತ್ತರಾದರು. ಈ ಅಂಕಿಗಳೂ ಅರ್ಧ ಕಥೆಯನ್ನಷ್ಟೇ ಹೇಳುತ್ತವೆ. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯಲು ಸಾಲಿನಲ್ಲಿ ಐವರು ನಿಂತಿರುತ್ತಾರೆ. ಆ ಐವರಲ್ಲಿ ಇಬ್ಬರು, ಕೆಲವೊಮ್ಮೆ ಮೂವರು, ಡೊನಾಲ್ಡ್ ಒಬ್ಬರಿಗೇ ಮೀಸಲಾಗಿರುತ್ತಿದ್ದರು. ಹಾಗಾದಾಗ ಪಕ್ಕದಲ್ಲಿದ್ದ ರ‍್ಯಾಮ್ಸ್ ಆಟಗಾರನ ಎದುರು ಒಬ್ಬನೇ ಉಳಿಯುತ್ತಿದ್ದ, ದಾರಿ ತೆರೆಯುತ್ತಿತ್ತು, ಸ್ಯಾಕ್ ಆತನ ಖಾತೆಗೆ ಸೇರುತ್ತಿತ್ತು. ಇಬ್ಬರನ್ನು ಮೈಮೇಲೆ ಎಳೆದುಕೊಂಡವನ ಹೆಸರು ಸ್ಕೋರ್ ಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ.

ಇದಕ್ಕೆ 2022ರ ಫೆಬ್ರುವರಿ 13ರ ಸೂಪರ್ ಬೌಲ್‌ನ ಕೊನೆಯ ನಿಮಿಷಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ರ‍್ಯಾಮ್ಸ್ 23, ಸಿನ್ಸಿನಾಟಿ ಬೆಂಗಾಲ್ಸ್ 20. ಬೆಂಗಾಲ್ಸ್ ಮೈದಾನದ ನಡುಭಾಗ ತಲುಪಿತ್ತು. ಇನ್ನೊಂದಿಷ್ಟು ಮುಂದೆ ಸಾಗಿ ಒಂದು ಫೀಲ್ಡ್ ಗೋಲ್ ಹೊಡೆದರೆ ಪಂದ್ಯ ಸಮ. ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದಕ್ಕೆ ಬಂದಾಗ ಅವರಿಗೆ ಬೇಕಿದ್ದದ್ದು ಇನ್ನೊಂದೇ ಗಜ. ಚೆಂಡು ಹಿಡಿದು ನುಗ್ಗಿದ ಸಮಾಜೆ ಪೆರೀನ್‌ರನ್ನು ಡೊನಾಲ್ಡ್ ಅಲ್ಲೇ ಹಿಡಿದು ನಿಲ್ಲಿಸಿದರು. ನಾಲ್ಕನೇ ಯತ್ನದಲ್ಲಿ ಎದುರಿನ ಗಾರ್ಡ್‌ನನ್ನು ದಾಟಿ ಕ್ವಾರ್ಟರ್‌ಬ್ಯಾಕ್ ಜೋ ಬರೋರನ್ನು ಹಿಡಿದು ಗಿರ್ರನೆ ತಿರುಗಿಸಿದರು. ಬೀಳುತ್ತಲೇ ಬರೋ ಎಸೆದ ಚೆಂಡು ಯಾರ ಕೈಗೂ ಸಿಗದೆ ನೆಲಕ್ಕೆ ಬಿತ್ತು. ಅಲ್ಲಿಗೆ ಚಾಂಪಿಯನ್‌ಷಿಪ್ ಇತ್ಯರ್ಥ. ದಾಖಲೆಯಲ್ಲಿ ಅದು ಸ್ಯಾಕ್ ಅಲ್ಲ, ಗುರಿ ಮುಟ್ಟದ ಪಾಸ್ ಅಷ್ಟೇ. ಡೊನಾಲ್ಡ್ ಬದುಕಿನ ಅತಿ ದೊಡ್ಡ ಕ್ಷಣ ಅವರ 111ರ ಲೆಕ್ಕದೊಳಗೆ ಇಲ್ಲ. ಪಂದ್ಯಶ್ರೇಷ್ಠ ಪ್ರಶಸ್ತಿ ಎರಡು ಟಚ್‌ಡೌನ್ ಹಿಡಿದ ಕೂಪರ್ ಕಪ್‌ಗೆ ಹೋಯಿತು.

ಕ್ವಾರ್ಟರ್‌ಬ್ಯಾಕ್ ಹೆಚ್ಚುಕಡಿಮೆ ಪ್ರತಿ ಆಟದಲ್ಲೂ ಚೆಂಡು ಮುಟ್ಟುತ್ತಾನೆ, ಗೆಲುವು ಸೋಲು ಅವನ ಕೈಯಲ್ಲೇ ಇರುತ್ತದೆ, ಹಾಗಿರುವಾಗ ಪ್ರಶಸ್ತಿ ಅವನಿಗೆ ಹೋದರೆ ತಪ್ಪೇನು ಎಂದು ಕೇಳಬಹುದು. ಡೊನಾಲ್ಡ್ ಇದ್ದ ಮೊದಲ ಮೂರು ವರ್ಷ ರ‍್ಯಾಮ್ಸ್ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಸೂಪರ್ ಬೌಲ್ ಕೈಗೆ ಬಂದದ್ದು ಮ್ಯಾಥ್ಯೂ ಸ್ಟಾಫರ್ಡ್ ಎಂಬ ಕ್ವಾರ್ಟರ್‌ಬ್ಯಾಕ್ ಬಂದ ಮೇಲೆಯೇ. ಈ ವಾದದಲ್ಲಿ ಹುರುಳಿದೆ. ಆದರೆ ಅದೇ ಸ್ಟಾಫರ್ಡ್ ಡೆಟ್ರಾಯಿಟ್‌ನಲ್ಲಿ 12 ವರ್ಷ ಆಡಿ ಒಂದೇ ಒಂದು ಪ್ಲೇಆಫ್ ಪಂದ್ಯವನ್ನೂ ಗೆದ್ದಿರಲಿಲ್ಲ. ಒಬ್ಬನಿಂದಲೇ ಆಗದ ಕೆಲಸವನ್ನು ಡೊನಾಲ್ಡ್ ಮೇಲೆ ಮಾತ್ರ ಹೊರಿಸುವುದು ಯಾವ ನ್ಯಾಯ? 2019ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ ರ‍್ಯಾಮ್ಸ್ ರಕ್ಷಣಾ ಪಡೆ ಟಾಮ್ ಬ್ರೇಡಿಯ ನ್ಯೂ ಇಂಗ್ಲೆಂಡ್ ತಂಡವನ್ನು 13 ಅಂಕಕ್ಕೆ ಕಟ್ಟಿಹಾಕಿತ್ತು. ರ‍್ಯಾಮ್ಸ್ ಆಕ್ರಮಣ ಗಳಿಸಿದ್ದು ಮೂರೇ ಅಂಕ.

ರಕ್ಷಣಾ ಆಟಗಾರರಿಗೂ ಎಂವಿಪಿ ಸಿಕ್ಕಿದೆಯಲ್ಲ ಎನ್ನುವವರೂ ಇದ್ದಾರೆ. ಸಿಕ್ಕಿದೆ, ಎರಡೇ ಸಲ: 1971ರಲ್ಲಿ ಅಲನ್ ಪೇಜ್, 1986ರಲ್ಲಿ ಲಾರೆನ್ಸ್ ಟೇಲರ್. ನಡುವೆ 1982ರಲ್ಲಿ ಚೆಂಡು ಒದೆಯಲೆಂದೇ ಮೈದಾನಕ್ಕಿಳಿಯುವ ಕಿಕರ್ ಮಾರ್ಕ್ ಮೋಸ್ಲಿಗೂ ಸಿಕ್ಕಿತ್ತು ಎಂಬುದನ್ನು ಓದಿದಾಗ ನಗು ಬರದಿರದು. 2013ರಿಂದ 2024ರವರೆಗಿನ ಪ್ರತಿ ಋತುವಿನಲ್ಲೂ ಗೆದ್ದವರು ಕ್ವಾರ್ಟರ್‌ಬ್ಯಾಕ್‌ಗಳೇ. ಈ ಅವಧಿಯಲ್ಲಿ ಪೈಪೋಟಿ ಕೊಟ್ಟ ರಕ್ಷಣಾ ಆಟಗಾರ ಎಂದರೆ 2014ರಲ್ಲಿ 13 ಮತ ಪಡೆದ ಜೆ.ಜೆ. ವಾಟ್. ಆ ವರ್ಷ ಅವರೂ 20.5 ಸ್ಯಾಕ್ ಮಾಡಿದ್ದರು. ಜೊತೆಗೆ ಐದು ಟಚ್‌ಡೌನ್ ಗಳಿಸಿದ್ದರು. ಅದರಲ್ಲಿ ಮೂರು, ಆಕ್ರಮಣದ ಸರದಿಯಲ್ಲಿ ಕಣಕ್ಕಿಳಿದು ಪಾಸ್ ಹಿಡಿದು ಗಳಿಸಿದವು. ಅಷ್ಟೇ ಸ್ಯಾಕ್ ಮಾಡಿದ ಡೊನಾಲ್ಡ್‌ಗೂ ವಾಟ್‌ಗೂ ನಡುವಿನ ಆ 13 ಮತಗಳ ಅಂತರಕ್ಕೆ ಬೇರೆ ಕಾರಣ ನನಗಂತೂ ಕಾಣುತ್ತಿಲ್ಲ.

ಡೊನಾಲ್ಡ್ ಹೋದ ಮೇಲೂ ತಂಡ ಕುಸಿಯಲಿಲ್ಲ ಎಂಬುದು ಇದ್ದುದರಲ್ಲಿ ಗಟ್ಟಿ ಆಕ್ಷೇಪ. ಅವರ ಕೊನೆಯ ಋತುವಿನಲ್ಲಿ ರ‍್ಯಾಮ್ಸ್ 10 ಪಂದ್ಯ ಗೆದ್ದು 7 ಸೋತಿತ್ತು. ಅವರಿಲ್ಲದ 2024ರಲ್ಲೂ ಲೆಕ್ಕ ಅಷ್ಟೇ. ಆದರೆ ಆ ಲೆಕ್ಕವನ್ನು ಉಳಿಸಿಕೊಳ್ಳಲು ತಂಡ ಏನು ಮಾಡಿತೆಂದೂ ನೋಡಬೇಕು. ನಿವೃತ್ತಿಯ ಮರುತಿಂಗಳೇ ನಡೆದ ಡ್ರಾಫ್ಟ್‌ನಲ್ಲಿ ತನ್ನ ಮೊದಲ ಎರಡೂ ಆಯ್ಕೆಗಳನ್ನು ರಕ್ಷಣೆಯ ಮುಂಚೂಣಿಗೇ ಸುರಿದು ಜ್ಯಾರೆಡ್ ವರ್ಸ್ ಮತ್ತು ಬ್ರೇಡನ್ ಫಿಸ್ಕ್‌ರನ್ನು ತಂದಿತು. ಫಿಸ್ಕ್ ಬೇರೆಯವರ ಪಾಲಾಗದಿರಲೆಂದು ಮರುವರ್ಷದ ಎರಡನೇ ಸುತ್ತಿನ ಆಯ್ಕೆಯನ್ನೂ ಕ್ಯಾರೊಲೈನಾ ತಂಡಕ್ಕೆ ಬಿಟ್ಟುಕೊಟ್ಟಿತು.